ಕೊನೆ ಗದ್ದೆಗೂ ನೀರು ಮುಟ್ಟಬೇಕು: ಕಾಲೇಜು ಓದಿನ ವಾರದ ಲೆಕ್ಕ

ಸೆಮಿಸ್ಟರ್ ಶುರುವಾದ ವಾರ ಮೈಸೂರಿನ ಹಾಸ್ಟೆಲ್ ಗೋಡೆಗಳ ಮೇಲೆಲ್ಲ ಟೈಮ್‌ಟೇಬಲ್‌ಗಳು ಅಂಟಿಕೊಳ್ಳುತ್ತವೆ. ಬೆಳಿಗ್ಗೆ 5ಕ್ಕೆ ಏಳುವುದು, 5.15ಕ್ಕೆ ಮ್ಯಾಥ್ಸ್, ರಾತ್ರಿ 11ಕ್ಕೆ ಮಲಗುವುದು. ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಬೇರೆ. ಎರಡನೇ ವಾರಕ್ಕೆ ಒಂದು ಮೂಲೆಯ ಗೋಂದು ಬಿಟ್ಟಿರುತ್ತದೆ. ಮೂರನೇ ವಾರಕ್ಕೆ ಅದರ ಮೇಲೆ ಒದ್ದೆ ಟವೆಲ್ ನೇತಾಡುತ್ತಿರುತ್ತದೆ. ಹುಡುಗರು ಸೋಮಾರಿಗಳಾದರು ಎಂದು ಹಿರಿಯರು ತೀರ್ಪು ಕೊಡುತ್ತಾರೆ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಅಣೆಕಟ್ಟೆಯಲ್ಲಿ ಎಷ್ಟು ನೀರಿದೆ ಎಂದು ನೋಡದೆ ಹಂಚಿಕೆ ಬರೆದರೆ ಯಾವ ನಾಲೆಯಲ್ಲಿ ತಾನೇ ಹರಿದೀತು?

ಲೆಕ್ಕ ಹಾಕೋಣ. ವಾರಕ್ಕೆ 168 ಗಂಟೆ. ಪಾಂಡವಪುರದ ಕಡೆಯ ಹಳ್ಳಿಯಿಂದ ಮೈಸೂರಿಗೆ ದಿನವೂ ಓಡಾಡುವ ಇಂಜಿನಿಯರಿಂಗ್ ಹುಡುಗಿಯೊಬ್ಬಳನ್ನು ಇಟ್ಟುಕೊಳ್ಳಿ. ನಿದ್ದೆ ದಿನಕ್ಕೆ 7ರಂತೆ 49 ಗಂಟೆ. ಕಾಲೇಜು ಐದು ದಿನ 7 ಗಂಟೆ, ಶನಿವಾರ 4, ಒಟ್ಟು 39. ಮನೆಯಿಂದ ಕ್ಲಾಸಿನ ಬೆಂಚಿನವರೆಗೆ ಒಂದೂವರೆ ಗಂಟೆ, ವಾಪಸ್ಸು ಒಂದೂವರೆ, ಆರು ದಿನಕ್ಕೆ 18. ಸ್ನಾನ, ಊಟ, ಬಟ್ಟೆಗೆ ದಿನಕ್ಕೆ ಎರಡೂವರೆಯಂತೆ 17.5. ಡೇರಿಗೆ ಹಾಲು ಹಾಕುವುದು, ಪಾತ್ರೆ, ತಮ್ಮನ ಹೋಂವರ್ಕು ಎಂದು ದಿನಕ್ಕೆ ಒಂದು ಗಂಟೆಯಾದರೂ ಹೋಗುತ್ತದೆ, ಅದು 7. ಎಲ್ಲ ಕೂಡಿದರೆ 130.5. ಉಳಿದದ್ದು 37.5 ಗಂಟೆ. ಅದರಲ್ಲಿ ಅರ್ಧ ಫೋನು, ಹರಟೆ, ನೆಂಟರು, ತಲೆನೋವು, ಸುಮ್ಮನೆ ಕೂರುವುದಕ್ಕೆ ಹೋಗುತ್ತದೆ. ಹೋಗಲಿ ಬಿಡಿ, ಮನುಷ್ಯರೇ ತಾನೇ. ಓದಿಗೆ ನಿಜವಾಗಿ ಸಿಗುವುದು 18-19 ಗಂಟೆ. ಗೋಡೆಯ ಮೇಲಿನ ಟೈಮ್‌ಟೇಬಲ್ ಕೇಳುವುದು ದಿನಕ್ಕೆ 6ರಂತೆ 42.

ಹಾಸ್ಟೆಲ್‌ನವರಿಗೆ ಓಡಾಟವೂ ಮನೆಗೆಲಸವೂ ಇಲ್ಲದಿರುವುದರಿಂದ ಕಾಗದದ ಮೇಲೆ ಇನ್ನೂ 25 ಗಂಟೆ ಹೆಚ್ಚು ಸಿಗುತ್ತದೆ. ಮೆಸ್ಸಿನ ಕ್ಯೂ, ಬಟ್ಟೆ ಒಗೆಯುವುದು, ರಾತ್ರಿ 10ರ ಮೇಲೆ ರೂಮಿಂದ ರೂಮಿಗೆ ನಡೆಯುವ ಸಭೆಗಳಲ್ಲಿ ಅದು ಸೋರಿಹೋಗುತ್ತದೆ. ಹಾಗಾಗಿ ಇಬ್ಬರಿಗೂ ಒಂದೇ ಟೈಮ್‌ಟೇಬಲ್ ಕೊಡುವ ಯೂಟ್ಯೂಬ್ ಗುರುಗಳನ್ನು ದೂರವಿಡಿ.

ಇದು ನಾನು ಹಾಕಿದ ಲೆಕ್ಕ. ನಿಮ್ಮದು ನೀವೇ ಹಾಕಬೇಕು, ಅದೂ ಊಹೆಯ ಮೇಲಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಏಳು ಅಂಕಣ ಎಳೆದು, ಎದ್ದಾಗಿನಿಂದ ಮಲಗುವವರೆಗೆ ಅರ್ಧರ್ಧ ಗಂಟೆಗೆ ಒಂದು ಸಾಲು ಮಾಡಿ. ದಿನಕ್ಕೆ ಮೂರು ಸಲ ತುಂಬಿ: ಮಧ್ಯಾಹ್ನದ ಊಟಕ್ಕೆ ಮುಂಚೆ, ಸಂಜೆ ಮನೆ ಮುಟ್ಟಿದ ಮೇಲೆ, ಮಲಗುವಾಗ. ಎಲ್ಲವನ್ನೂ ರಾತ್ರಿಯೇ ಬರೆಯುತ್ತೇನೆ ಎಂದವರ ಲೆಕ್ಕ ಯಾವಾಗಲೂ ಸುಳ್ಳಾಗುತ್ತದೆ. ಪುಸ್ತಕ ಹಿಡಿದು ಕೂತ ಒಂದು ಗಂಟೆ ನೆನಪಿರುತ್ತದೆ, ಅದರ ನಡುವೆ ರೀಲ್ಸ್ ನೋಡಿದ 25 ನಿಮಿಷ ನೆನಪಿರುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ದಿನಕ್ಕೆ ಎಷ್ಟು ಹೊತ್ತು ಯಾವ ಆ್ಯಪ್ ತೆರೆದಿತ್ತು ಎಂಬ ಪಟ್ಟಿ ಇರುತ್ತದೆ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಒಂದೇ ವಾರ ಸಾಕು. ಆ ವಾರ ಏನನ್ನೂ ಬದಲಿಸಬೇಡಿ, ಹೊಸ ಶಿಸ್ತು ಬೇಡ. ನೀರಿನ ಮಟ್ಟ ಅಳೆಯುವಾಗ ಯಾರೂ ತೂಬು ಎತ್ತುವುದಿಲ್ಲ.

ಈಗ ಹಂಚಿಕೆಯ ಮಾತು. ಮಂಡ್ಯ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಆರ್‌ಎಸ್ ಅಣೆಕಟ್ಟೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟಾಗ ನಾಲೆಯ ತಲೆ ಭಾಗದ ಗದ್ದೆ ಮೊದಲು ಕುಡಿಯುತ್ತದೆ. ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಬರುವ ಹೊತ್ತಿಗೆ ಕಟ್ಟೇ ಮುಗಿಯಿತು ಎಂಬ ದೂರು ವರ್ಷವರ್ಷವೂ ಕೇಳಿಬರುತ್ತದೆ. ಓದಿನಲ್ಲೂ ಆಗುವುದು ಇದೇ. ಕೂತ ತಕ್ಷಣ ಕೈ ಹೋಗುವುದು ಗೊತ್ತಿರುವ ವಿಷಯಕ್ಕೆ, ಇಷ್ಟದ ಮೇಷ್ಟ್ರ ವಿಷಯಕ್ಕೆ. ಅದು ಕಂಠಮಟ್ಟ ಕುಡಿಯುತ್ತದೆ. ಕಷ್ಟದ ವಿಷಯದ ಸರದಿ ರಾತ್ರಿ ಹತ್ತೂವರೆಗೆ ಬರುತ್ತದೆ, ಅಷ್ಟು ಹೊತ್ತಿಗೆ ಕಣ್ಣು ಕೂರುತ್ತಿರುತ್ತದೆ. ಬ್ಯಾಕ್‌ಲಾಗ್ ಆಗುವುದು ಆ ಕೊನೆ ಗದ್ದೆಯಲ್ಲೇ.

ನಿಮ್ಮ ಕೊನೆ ಗದ್ದೆ ಯಾವುದು ಎಂದು ಗೊತ್ತುಮಾಡಿಕೊಳ್ಳಲು ಮೂರು ಗುರುತುಗಳಿವೆ. ಹತ್ತು ದಿನದಿಂದ ಆ ನೋಟ್ಸ್ ಮನೆಯಲ್ಲಿ ತೆರೆದಿಲ್ಲ. ಕ್ಲಾಸಿನಲ್ಲಿ ಬೋರ್ಡ್ ನೋಡಿ ಬರೆದುಕೊಳ್ಳುತ್ತೀರಿ, ಆದರೆ ಮುಂದಿನ ಸಾಲು ಏನು ಬರುತ್ತದೆಂದು ಊಹಿಸಲಾಗುತ್ತಿಲ್ಲ. ‘ಇದನ್ನ ಸ್ಟಡಿ ಹಾಲಿಡೇಸ್‌ನಲ್ಲಿ ನೋಡ್ಕೊಳ್ಳೋಣ ಬಿಡು’ ಎಂದು ಗೆಳೆಯರಿಗೆ ಹೇಳಿದ್ದೀರಿ. ಮೂರರಲ್ಲಿ ಎರಡು ಹೊಂದಿದರೆ ದಿನದ ಮೊದಲ ಕಟ್ಟು ಅದಕ್ಕೇ ಹೋಗಬೇಕು. ನಿಮಗೆ ಚುರುಕಾದ ಹೊತ್ತು ಬೆಳಗಿನದೋ ರಾತ್ರಿಯದೋ, ಅದರ ಮೊದಲ 50 ನಿಮಿಷ ಕೊನೆ ಗದ್ದೆಗೆ. ಆಮೇಲೆ ನಿಮ್ಮ ಪ್ರೀತಿಯ ವಿಷಯ ಓದಿ, ಯಾರೂ ಬೇಡ ಎನ್ನುವುದಿಲ್ಲ.

ವಾರಕ್ಕೆ 18 ಗಂಟೆ, ಐದು ವಿಷಯ ಎಂದರೆ ತಲಾ ಮೂರೂವರೆ ಎಂದು ಸಮನಾಗಿ ಕತ್ತರಿಸಬೇಡಿ. ಕೊನೆ ಗದ್ದೆಗೆ 6, ನಡುವಿನ ಮೂರಕ್ಕೆ ತಲಾ 3, ಸುಲಭದ್ದಕ್ಕೆ ಒಂದೂವರೆ. ಒಟ್ಟು ಹದಿನಾರೂವರೆ ಆಯಿತು. ಉಳಿದ ಒಂದೂವರೆ ಗಂಟೆಗೆ ಹೆಸರಿಡದೆ ಭಾನುವಾರ ಸಂಜೆಗೆ ಇಟ್ಟುಕೊಳ್ಳಿ, ವಾರದಲ್ಲಿ ಕೈತಪ್ಪಿದ್ದು ಅಲ್ಲಿ ಬಂದು ಬೀಳುತ್ತದೆ. ಹೀಗೆ ಖಾಲಿ ಜಾಗ ಬಿಡದ ಟೈಮ್‌ಟೇಬಲ್ ಒಂದು ದಿನ ಬಸ್ ತಪ್ಪಿದರೆ ಪೂರ್ತಿ ಕುಸಿಯುತ್ತದೆ.

ಒಂದು ವಿಷಯದ ಒಳಗೂ ತಲೆ ಭಾಗ, ಕೊನೆ ಭಾಗ ಇರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಇಂಜಿನಿಯರಿಂಗ್ ಕಾಲೇಜುಗಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಥಿಯರಿ ಪೇಪರಿನ ಸಾಮಾನ್ಯ ನಮೂನೆ ನೋಡಿ: ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪೂರ್ಣ ಪ್ರಶ್ನೆ, ಅವುಗಳಲ್ಲಿ ಒಂದಕ್ಕೆ ಉತ್ತರ, ತಲಾ 20 ಅಂಕ. ಅಂದರೆ ಐದನೇ ಮಾಡ್ಯೂಲಿಗೂ ಮೊದಲನೆಯದಕ್ಕೂ ಒಂದೇ ಬೆಲೆ. ನೋಟ್ಸ್ ತೆಗೆದು ನೋಡಿದರೆ ಮೊದಲ ಮಾಡ್ಯೂಲಿನ ಹಾಳೆಗಳು ಬೆವರಿನಿಂದ ಮಾಸಿ, ಅಂಚು ಮಡಚಿ, ಮೂರು ಬಣ್ಣದ ಗೀಟು ಹೊತ್ತಿರುತ್ತವೆ. ಐದನೆಯದು ಮದುವೆ ಕರೆಯೋಲೆಯಂತೆ ಗರಿಗರಿ. ಕಾರಣ ಸರಳ. ಓದು ನಿಂತು ಮತ್ತೆ ಶುರುವಾದಾಗಲೆಲ್ಲ ಹುಡುಗರು ಮೊದಲ ಪುಟದಿಂದ ಶುರುಮಾಡುತ್ತಾರೆ. ಸೆಮಿಸ್ಟರಿನಲ್ಲಿ ನಾಲ್ಕು ಸಲ ಓದು ನಿಲ್ಲುತ್ತದೆ, ಮೊದಲ ಮಾಡ್ಯೂಲಿಗೆ ನಾಲ್ಕು ಸಲ ನೀರು. ಕೊನೆಯ ಮಾಡ್ಯೂಲನ್ನು ಮೇಷ್ಟ್ರೂ ಸೆಮಿಸ್ಟರ್ ಮುಗಿಯುವ ಗಡಿಬಿಡಿಯಲ್ಲಿ ಎರಡು ವಾರದಲ್ಲಿ ಓಡಿಸಿರುತ್ತಾರೆ, ಅದು ಬೇರೆ ಮಾತು.

ಇದಕ್ಕೊಂದು ಉಪಾಯವಿದೆ. ಓದು ನಿಂತ ಕಡೆ ಪೆನ್ಸಿಲಿನಲ್ಲಿ ತಾರೀಕು ಬರೆಯಿರಿ. ಮತ್ತೆ ಕೂತಾಗ ಅಲ್ಲಿಂದಲೇ ಮುಂದೆ, ಹಿಂದಿನದು ಮರೆತಂತೆ ಅನ್ನಿಸಿದರೂ ಸರಿ. ಎರಡನೇ ಸುತ್ತು ಮೂರನೇ ಮಾಡ್ಯೂಲಿನಿಂದ, ಮೂರನೇ ಸುತ್ತು ಐದನೆಯದರಿಂದ ಶುರುವಾಗಲಿ. ಮೂರು ವರ್ಷದ ಡಿಗ್ರಿಯವರಿಗೂ, ಬಿಎ ಇತಿಹಾಸವಾಗಲಿ ಬಿಎಸ್ಸಿ ರಸಾಯನಶಾಸ್ತ್ರವಾಗಲಿ, ಯೂನಿಟ್ ಲೆಕ್ಕದಲ್ಲಿ ಇದೇ ಕ್ರಮ ನಡೆಯುತ್ತದೆ.

ಗಂಟೆ ಸಿಕ್ಕಿತು, ಆ ಗಂಟೆಯೊಳಗೆ ಏನು ಮಾಡುವುದು? ನಮ್ಮಲ್ಲಿ ಓದುವುದು ಎಂದರೆ ನೋಟ್ಸನ್ನು ಮತ್ತೆ ಮತ್ತೆ ಕಣ್ಣಾಡಿಸುವುದು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೋಡಬೇಕಾದದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟು, ಒಂದನ್ನು ಎರಡು ಸಲ ಓದಿಸಿದರು, ಇನ್ನೊಂದನ್ನು ಒಂದು ಸಲ ಓದಿಸಿ ಆಮೇಲೆ ನೋಡದೆ ನೆನಪಿದ್ದಷ್ಟು ಬರೆಸಿದರು. 5 ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು, ಶೇ. 81ಕ್ಕೆ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಎರಡು ಸಲ ಓದಿದ್ದರಲ್ಲಿ ಉಳಿದಿದ್ದು ಶೇ. 42, ನೋಡದೆ ಬರೆದಿದ್ದರಲ್ಲಿ ಶೇ. 56. ಓದಿದ ರಾತ್ರಿ ‘ಎಲ್ಲ ಬರ್ತದೆ’ ಅನ್ನಿಸಿ, ಇಂಟರ್ನಲ್ಸ್ ದಿನ ಕೈ ನಿಲ್ಲುವುದಕ್ಕೆ ಇದೇ ಕಾರಣ. ಕಣ್ಣಿಗೆ ಪರಿಚಯವಾದದ್ದನ್ನು ನಾವು ಬಾಯಿಗೆ ಬಂದದ್ದು ಎಂದುಕೊಳ್ಳುತ್ತೇವೆ.

ಹಾಗಾಗಿ 50 ನಿಮಿಷವನ್ನು ಹೀಗೆ ಒಡೆಯಿರಿ. ಮೊದಲ 5 ನಿಮಿಷ ಹಿಂದಿನ ಸಲ ಓದಿದ್ದರಲ್ಲಿ ನೆನಪಿದ್ದದ್ದನ್ನು ರಫ್ ಹಾಳೆಯಲ್ಲಿ ಗೀಚಿ. ಮುಂದಿನ 25 ನಿಮಿಷ ಹೊಸದನ್ನು ಓದಿ, ಆರೇಳು ಪುಟಕ್ಕಿಂತ ಹೆಚ್ಚು ಬೇಡ. ಆಮೇಲೆ ಪುಸ್ತಕ ಮುಚ್ಚಿ 15 ನಿಮಿಷ ಬರೆಯಿರಿ: ಚಿತ್ರ, ಸೂತ್ರ, ತಲೆಬರಹಗಳು, ಬಂದಷ್ಟು. ಕೊನೆಯ 5 ನಿಮಿಷ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ನಾಳೆಯ ಮೊದಲ 5 ನಿಮಿಷಕ್ಕೆ ಆ ಕೆಂಪು ಸಾಲುಗಳೇ ಪಾಠ. ಮೊದಲ ವಾರ ಈ ಮುಚ್ಚಿ ಬರೆಯುವ 15 ನಿಮಿಷ ಬಹಳ ಹಿಂಸೆ. ನಾಲ್ಕು ಸಾಲಿಗೇ ತಲೆ ಖಾಲಿಯಾಗಿ, ‘ಇನ್ನೊಂದು ಸಲ ಓದಿ ಆಮೇಲೆ ಬರೀತೀನಿ’ ಎನಿಸುತ್ತದೆ. ಅಲ್ಲೇ ಎಲ್ಲರೂ ಬಿಡುವುದು. ನಾಲ್ಕೇ ಸಾಲು ಬಂದರೂ ಬರೆದು, ತಾಳೆ ನೋಡಿ, ಎದ್ದೇಳಿ.

ಲೆಕ್ಕದ ವಿಷಯಗಳಿಗೆ ಬೇರೆ ರೂಢಿ ಬೇಕು. ಬಿಡಿಸಿದ ಲೆಕ್ಕವನ್ನು ಓದುವುದು ಈಜುವವರನ್ನು ದಂಡೆಯ ಮೇಲೆ ಕೂತು ನೋಡಿದ ಹಾಗೆ. ಪ್ರಶ್ನೆಯನ್ನಷ್ಟೇ ಬರೆದುಕೊಂಡು ಉತ್ತರ ಮುಚ್ಚಿ. 10 ನಿಮಿಷ ಒದ್ದಾಡಿದ ಮೇಲೂ ದಾರಿ ಕಾಣದಿದ್ದರೆ ಒಂದೇ ಒಂದು ಹೆಜ್ಜೆ ಇಣುಕಿ ನೋಡಿ ಮತ್ತೆ ಮುಚ್ಚಿ. ಇಣುಕಿದ ಹೆಜ್ಜೆಯ ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ಒಂದೇ ಬಗೆಯ ಹೆಜ್ಜೆಯಲ್ಲಿ ಮೂರು ಚುಕ್ಕೆ ಬಿದ್ದರೆ ನಿಮಗೆ ಇಡೀ ಅಧ್ಯಾಯ ಬರುವುದಿಲ್ಲ ಎಂದಲ್ಲ, ಆ ಒಂದು ಹೆಜ್ಜೆ ಬರುವುದಿಲ್ಲ. ಮೇಷ್ಟ್ರ ಹತ್ತಿರ ಅದನ್ನೇ ಕೇಳಿ. ‘ಸಾರ್, ಇಂಟಿಗ್ರೇಶನ್ ಅರ್ಥ ಆಗ್ತಿಲ್ಲ’ ಎಂದರೆ ಅವರಾದರೂ ಎಲ್ಲಿಂದ ಶುರುಮಾಡಿಯಾರು?

ನೋಟ್ಸನ್ನು ಅಂದವಾಗಿ ಮರುಬರೆಯುವ ಚಟದ ಬಗ್ಗೆ ಒಂದು ಮಾತು. ಅದು ಕೈಗೆ ಕೆಲಸ, ಮನೆಯವರಿಗೆ ಸಮಾಧಾನ, ತಲೆಗೆ ರಜೆ. ವೀಡಿಯೊ ಪಾಠವನ್ನು ದುಪ್ಪಟ್ಟು ವೇಗದಲ್ಲಿ ನೋಡಿ ಮುಗಿಸುವುದೂ ಅಷ್ಟೇ.

ಓಡಾಟದ ಗಂಟೆಗಳನ್ನು ಪೂರ್ತಿ ಓದಿನ ಲೆಕ್ಕಕ್ಕೆ ಸೇರಿಸಬೇಡಿ. ವಾರಕ್ಕೆ 18 ಗಂಟೆ ಓಡಾಟವಿದ್ದರೆ 5 ಗಂಟೆ ಕೈಗೆ ಹತ್ತಿದರೆ ಹೆಚ್ಚು. ಬಸ್ಸಿನಲ್ಲಿ ಪುಸ್ತಕ ಹಿಡಿದರೆ ಹಲವರಿಗೆ ಹೊಟ್ಟೆ ತೊಳಸುತ್ತದೆ, ಕಣ್ಣು ನಿಂತ ಅಕ್ಷರ ನೋಡುವಾಗ ಒಳಕಿವಿ ನಾವು ಚಲಿಸುತ್ತಿದ್ದೇವೆ ಎಂದು ಹೇಳುತ್ತಿರುತ್ತದೆ. ಅಲ್ಲದೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಬಸ್ಸಿನಲ್ಲಿ ಸೀಟು ಸಿಗುವುದೇ ಅದೃಷ್ಟ. ಒಂದು ಕೈ ಕಂಬಿ ಹಿಡಿದಿರುವಾಗ ನಡೆಯುವ ಕೆಲಸವೆಂದರೆ ಕೇಳುವುದು ಮತ್ತು ನೆನೆಯುವುದು. ಹಿಂದಿನ ರಾತ್ರಿ ಓದಿದ್ದನ್ನು ನಿಮ್ಮದೇ ದನಿಯಲ್ಲಿ 7-8 ನಿಮಿಷ ರೆಕಾರ್ಡ್ ಮಾಡಿಕೊಂಡು ಒಂದು ಕಿವಿಗೆ ಇಯರ್‌ಫೋನ್ ಹಾಕಿ ಕೇಳಿ. ಇನ್ನೊಂದು ಕಿವಿ ಕಂಡಕ್ಟರಿಗೆ ಬೇಕು. ಮದುವೆ ಪತ್ರಿಕೆಯ ದಪ್ಪ ಕಾಗದ ಕತ್ತರಿಸಿದರೆ ಒಳ್ಳೆಯ ಚೀಟಿಗಳಾಗುತ್ತವೆ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ, ದಿನಕ್ಕೆ ಹತ್ತು ಚೀಟಿ, ಅಂಗಿ ಜೇಬಿಗೆ ಸಾಕು. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಬರುವವರಿಗೆ ಕೂತರೆ ಇನ್ನೂ ಅನುಕೂಲ, ಅಲುಗಾಟ ಕಡಿಮೆ. ಸಂಜೆ ವಾಪಸ್ಸು ಹೋಗುವಾಗ ಮಾತ್ರ ಚೀಟಿ ಮುಟ್ಟಬೇಡಿ. ಸೀಟು ಸಿಕ್ಕರೆ 20 ನಿಮಿಷ ನಿದ್ದೆ ಮಾಡಿ. ರಾತ್ರಿಯ ಮೊದಲ ಕಟ್ಟು ಅದರ ಮೇಲೆ ನಿಂತಿದೆ.

ಕಾಲೇಜಿನೊಳಗಿನ ಫ್ರೀ ಪೀರಿಯಡ್ಡೇ ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವ ಹೊತ್ತು. ವಾರಕ್ಕೆ ನಾಲ್ಕೈದು ಸಿಗುತ್ತವೆ, ಕ್ಯಾಂಟೀನಿಗೆ ಸಮರ್ಪಣೆಯಾಗುತ್ತವೆ. ಎಲ್ಲವನ್ನೂ ಕಿತ್ತುಕೊಳ್ಳುವುದಿಲ್ಲ, ಅರ್ಧ ಕೊಡಿ. ಆಗ ತಾನೇ ಮುಗಿದ ಕ್ಲಾಸಿನ ನೋಟ್ಸಿನ ಅಂಚಿನಲ್ಲಿ ಮೂರು ಪ್ರಶ್ನೆ ಬರೆಯುವುದಕ್ಕೆ 10 ನಿಮಿಷ. ಅದೇ ಕೆಲಸವನ್ನು ನಾಲ್ಕು ದಿನ ಬಿಟ್ಟು ಮಾಡಿದರೆ 40 ನಿಮಿಷ ಬೇಕು, ಏಕೆಂದರೆ ಮೊದಲು ನಿಮ್ಮದೇ ಅಕ್ಷರದ ಅರ್ಥ ಬಿಡಿಸಬೇಕು. ಮನೆಯಲ್ಲೇ ಓದುತ್ತೇನೆಂದು ಕ್ಲಾಸ್ ತಪ್ಪಿಸುವ ವ್ಯಾಪಾರ ಗಿಟ್ಟುವುದಿಲ್ಲ. ವಿಟಿಯು ಕೇಳುವ ಹಾಜರಾತಿ ಶೇ. 85. 40 ಕ್ಲಾಸಿನ ವಿಷಯದಲ್ಲಿ 6 ತಪ್ಪಿಸಿದರೆ ಕೋಟಾ ಮುಗಿಯಿತು, ಆಮೇಲೆ ಬರುವ ಜ್ವರಕ್ಕೆ ಜಾಗವಿಲ್ಲ.

ಲ್ಯಾಬ್ ರೆಕಾರ್ಡ್ ಮತ್ತು ಅಸೈನ್‌ಮೆಂಟ್‌ಗಳಲ್ಲಿ ಆಗುವ ಎಡವಟ್ಟು ಬೇರೆ ಜಾತಿಯದು. ಅಲ್ಲಿ ನಮ್ಮ ಅಂದಾಜೇ ತಪ್ಪುತ್ತದೆ. 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೋವಿಜ್ಞಾನಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಮುಗಿಸಿದ್ದು 55 ದಿನದ ಮೇಲೆ. ಹಿಂದೆ ಎಷ್ಟು ಸಲ ತಡವಾಗಿದ್ದರೂ ‘ಈ ಸಲ ಹಾಗಾಗಲ್ಲ’ ಎಂದುಕೊಳ್ಳುವುದು ಮನುಷ್ಯನ ಸ್ವಭಾವ. ಆದ್ದರಿಂದ ನಿಮ್ಮ ಅಂದಾಜಿಗೆ ಅರ್ಧ ಸೇರಿಸಿ ಬರೆದುಕೊಳ್ಳಿ, 4 ಗಂಟೆ ಎನಿಸಿದ್ದಕ್ಕೆ 6. ರೆಕಾರ್ಡನ್ನು ಲ್ಯಾಬ್ ಆದ ಮಾರನೇ ದಿನದೊಳಗೆ ಬರೆದರೆ ಒಂದು ಪ್ರಯೋಗಕ್ಕೆ 40 ನಿಮಿಷ. 12 ಪ್ರಯೋಗವನ್ನು ಸಬ್‌ಮಿಷನ್ನಿನ ಹಿಂದಿನ ರಾತ್ರಿ ಕೂತು ಬರೆದರೆ 8 ಗಂಟೆ, ಜೊತೆಗೆ ಗೆಳೆಯನ ರೆಕಾರ್ಡಿನ ತಪ್ಪು ರೀಡಿಂಗೂ ಉಚಿತ.

ಫೋನಿನ ಬಗ್ಗೆ ಎಲ್ಲರೂ ಉಪದೇಶ ಮಾಡಿಯಾಗಿದೆ, ನಾನು ಉದ್ದ ಎಳೆಯುವುದಿಲ್ಲ. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಎಲ್ಲ ಸೂಚನೆ ಬರುವುದರಿಂದ ಪೂರ್ತಿ ಆಫ್ ಮಾಡಲಾಗದು. ಗ್ರೂಪನ್ನು ಮ್ಯೂಟ್ ಮಾಡಿ ಸಂಜೆ 7ಕ್ಕೆ, ರಾತ್ರಿ 10ಕ್ಕೆ ಎರಡು ಸಲ ನೋಡಿ. ತುರ್ತಿದ್ದರೆ ಕ್ಲಾಸಿನ ಪ್ರತಿನಿಧಿ, ಸಿಆರ್, ಕಾಲ್ ಮಾಡುತ್ತಾನೆ. ಅಲಾರಂಗೆ ಒಂದು ಟೇಬಲ್ ಗಡಿಯಾರ ಕೊಳ್ಳಿ. ಓದುವಾಗ ಫೋನು ಅಟ್ಟದ ಮೇಲಿರಲಿ. ಏಣಿ ಹಾಕಿ ಇಳಿಸುವಷ್ಟು ಆಸೆಯಿದ್ದರೆ ಇಳಿಸಿಕೊಳ್ಳಿ.

ಬೆಳಿಗ್ಗೆ ಬೇಗ ಏಳುವುದೇ ಶ್ರೇಷ್ಠ ಎಂಬ ನಂಬಿಕೆಗೂ ನಾನು ತಲೆಬಾಗುವುದಿಲ್ಲ. ಹಸು ಕರೆಯುವ ಮನೆಯಲ್ಲಿ ಹೇಗೂ 5ಕ್ಕೆ ದೀಪ ಹತ್ತುತ್ತದೆ, ಅಲ್ಲಿ ಬೆಳಗು ಸರಿ. ಹಾಸ್ಟೆಲಿನಲ್ಲಿ ಪಕ್ಕದ ಮಂಚದವನು 1 ಗಂಟೆಗೆ ಮಲಗುವಾಗ ನೀವು 5ಕ್ಕೆ ಏಳುವುದೆಂದರೆ 4 ಗಂಟೆ ನಿದ್ದೆ. ಓದಿದ್ದು ನೆನಪಾಗಿ ಗಟ್ಟಿಯಾಗುವುದರಲ್ಲಿ ನಿದ್ದೆಗೆ ದೊಡ್ಡ ಪಾಲಿದೆ, ಆ 7 ಗಂಟೆ ನಿದ್ದೆಯಲ್ಲಿ ಕಳ್ಳತನ ಮಾಡಿ ಓದಿದ್ದು ಸೋರಿಹೋಗುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಪುಸ್ತಕ ಹಿಡಿದು ಕೂರುವವರಿಗೂ ಒಂದು ಸಲಹೆ: ಆ ಜಾಗ ಹೊಸದನ್ನು ಓದುವುದಕ್ಕಿಂತ, ನಡೆಯುತ್ತ ಓದಿದ್ದನ್ನು ನೆನೆಯುವುದಕ್ಕೆ ಚೆನ್ನ. ಸಂಜೆಯಾದರೆ ಸೊಳ್ಳೆ ಯಾರನ್ನೂ ಕೂರಗೊಡುವುದಿಲ್ಲ.

ಇನ್ನು ಹಬ್ಬ ಮತ್ತು ಗದ್ದೆ. ಸೆಮಿಸ್ಟರಿನ ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಶೂನ್ಯ ದಿನಗಳಿಗೆ ಸುತ್ತು ಹಾಕಿ. ದಸರಾದ ಹತ್ತು ದಿನ ಮೈಸೂರಿನ ಮನೆಗಳು ನೆಂಟರಿಂದ ತುಂಬಿರುತ್ತವೆ, ಸಂಜೆ ಅರ್ಧ ಊರಿನ ರಸ್ತೆಯಲ್ಲಿ ಕಾಲಿಡಲಾಗದು. ಅಲ್ಲಿ ದಿನಕ್ಕೆ ಒಂದು ಗಂಟೆ ಎಂದು ಬರೆದುಕೊಂಡರೆ ನಡೆಯುತ್ತದೆ, ಮೂರು ಎಂದು ಬರೆದರೆ ಸುಳ್ಳು. ಪಕ್ಷದ ಹಬ್ಬ, ಊರಿನ ಮಾರಮ್ಮನ ಹಬ್ಬ, ನಾಟಿಯ ದಿನಗಳು, ಕಬ್ಬು ಕಟಾವಿಗೆ ಆಳು ಬಂದ ದಿನಗಳು, ಯುಗಾದಿ ಮರುದಿನದ ಹೊಸತೊಡಕು. ಮಂಡ್ಯದಲ್ಲಿ ಹೊಸತೊಡಕಿನ ದಿನ ಮ್ಯಾಥ್ಸ್ ಮಾಡುತ್ತೇನೆ ಎನ್ನುವವನನ್ನು ನಾನಂತೂ ನಂಬುವುದಿಲ್ಲ. ಇವನ್ನೆಲ್ಲ ಮೊದಲೇ ಕಳೆದು ಉಳಿದದ್ದನ್ನು ಹಂಚಿದರೆ ಹಬ್ಬದ ಊಟವೂ ಮೈಗೆ ಹತ್ತುತ್ತದೆ. ಅಪ್ಪ ಅಮ್ಮಂದಿರಿಗೂ ಆ ಕ್ಯಾಲೆಂಡರ್ ತೋರಿಸಿ, ಇಂಟರ್ನಲ್ಸ್ ವಾರಕ್ಕೆ ಕೆಂಪು ಸುತ್ತು ಹಾಕಿ ಅಡುಗೆಮನೆ ಬಾಗಿಲಿಗೆ ಅಂಟಿಸಿ. ‘ಮಗಾ, ಡೇರಿಗೆ ಹಾಲು ಹಾಕ್ಬುಟ್ಟು ಬಾ’ ಎನ್ನುವವರಿಗೆ ನಾಳೆ ಪರೀಕ್ಷೆ ಇದೆ ಎಂದು ಗೊತ್ತೇ ಇರುವುದಿಲ್ಲ.

ಶನಿವಾರ ಭಾನುವಾರ ಛತ್ರಗಳಲ್ಲಿ ಕೇಟರಿಂಗ್ ಕೆಲಸಕ್ಕೆ ಹೋಗುವ ಹುಡುಗರು ಕೆಲಸದ ಗಂಟೆಯನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ರಿಸೆಪ್ಷನ್ ಮುಗಿಸಿ ರಾತ್ರಿ 12ಕ್ಕೆ ಬಂದವನ ಮಾರನೇ ಬೆಳಗೂ ಆ ಸಂಬಳಕ್ಕೇ ಹೋಯಿತು. 6 ಗಂಟೆಯ ಕೆಲಸಕ್ಕೆ 10 ಎಂದು ಬರೆದುಕೊಳ್ಳಿ. ಮುಹೂರ್ತ ಹೆಚ್ಚಿರುವ ತಿಂಗಳಲ್ಲಿ ವಾರಕ್ಕೆ ಒಂದೇ ಮದುವೆ ಒಪ್ಪಿಕೊಳ್ಳಿ.

ಪರೀಕ್ಷೆಗೆ ಮೂರು ವಾರ ಇರುವಾಗ ಹೊಸ ಪಾಠ ನಿಲ್ಲಿಸಿ ಹಳೆಯ ಪ್ರಶ್ನೆಪತ್ರಿಕೆಗಳಿಗೆ ಬನ್ನಿ. ಐದು ಪತ್ರಿಕೆ ಸಾಕು. 100 ಅಂಕಕ್ಕೆ 180 ನಿಮಿಷ ಎಂದರೆ 20 ಅಂಕದ ಪ್ರಶ್ನೆಗೆ 36 ನಿಮಿಷ. ಮನೆಯಲ್ಲಿ 32 ನಿಮಿಷಕ್ಕೆ ಬರೆದು ರೂಢಿ ಮಾಡಿ. ಉಳಿಯುವ 20 ನಿಮಿಷದಲ್ಲಿ ಪತ್ರಿಕೆ ಓದುವುದು, ಆಯ್ಕೆ, ಕೊನೆಯಲ್ಲಿ ತಿರುಗಿ ನೋಡುವುದು ಆಗಬೇಕು. ಗಡಿಯಾರ ಇಟ್ಟು ಬರೆಯದವರು ಪರೀಕ್ಷೆಯ ಕೋಣೆಯಲ್ಲಿ ಮೊದಲ ಪ್ರಶ್ನೆಗೆ 55 ನಿಮಿಷ ಸುರಿದು, ಕೊನೆಯದಕ್ಕೆ ಚಿತ್ರ ಮಾತ್ರ ಬರೆದು ಬರುತ್ತಾರೆ.

ಒಂದು ಪೇಪರ್ ಮುಗಿಸಿ ಬಂದ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಉತ್ತರ ತಾಳೆ ನೋಡುವುದರಲ್ಲಿ ಒಂದು ಗಂಟೆ, ಆ ಬೇಜಾರಿನಲ್ಲಿ ಇನ್ನೆರಡು ಗಂಟೆ ಹೋಗುತ್ತದೆ. ನೇರ ಮನೆಗೆ ಬನ್ನಿ. ಊಟ ಮಾಡಿ 40 ನಿಮಿಷ ಮಲಗಿ. ಎದ್ದು ಮುಖ ತೊಳೆದು ಮುಂದಿನ ವಿಷಯದ ಐದನೇ ಮಾಡ್ಯೂಲ್ ತೆಗೆಯಿರಿ.